ಲೋರ್ನಾ ಗೊತ್ತಿಲ್ಲವಾ ನಿನಗೆ?

ಮಂಗಳೂರಿನಲ್ಲಿ ಸಹೋದ್ಯೋಗಿಯ ಮದುವೆ. ಚರ್ಚ್ ಪಕ್ಕದ ಹಾಲ್‌ನಲ್ಲಿ ರಿಸೆಪ್ಶನ್. ಬೆಂಗಳೂರಿನಿಂದ ರಾತ್ರಿ ಬಸ್ಸಲ್ಲಿ ಬಂದಿಳಿದಿದ್ದ ನಾವು ಆರು ಜನ ಒಂದು ಮೂಲೆಯ ಟೇಬಲ್ ಹಿಡಿದು ಕೂತಿದ್ದೆವು. ಕೇಕ್ ಆಯಿತು, ಟೋಸ್ಟ್ ಆಯಿತು, ಬ್ಯಾಂಡಿನವರು ಎರಡು ಇಂಗ್ಲಿಷ್ ಹಾಡು, ಒಂದು ಹಿಂದಿ ಹಾಡು ಮುಗಿಸಿದರು. ನಮ್ಮ ಗಮನವೆಲ್ಲ ಸನ್ನಾಸ್ ಮೇಲೆ. ಅಷ್ಟರಲ್ಲಿ ಟ್ರಂಪೆಟ್ಟಿನವನು ಎದ್ದು ನಿಂತು ನಾಲ್ಕೇ ನಾಲ್ಕು ಸ್ವರ ಊದಿದ ನೋಡಿ, ಹಾಲಿನ ಗಾಳಿಯೇ ಬದಲಾಯಿತು. ಊಟದ ತಟ್ಟೆ ಅಲ್ಲಲ್ಲೇ ಬಿಟ್ಟು ಐವತ್ತು, ಅರವತ್ತು ದಾಟಿದ ಹೆಂಗಸರೆಲ್ಲ ಎದ್ದು ನಡುಮಧ್ಯಕ್ಕೆ ಬಂದರು. ಮೈಕ್ ಹಿಡಿದ ಹುಡುಗಿ ಹಾಡಿದ್ದಕ್ಕಿಂತ ಜೋರಾಗಿ ಹಾಲೇ ಹಾಡುತ್ತಿತ್ತು.

"ಯಾವ ಹಾಡು ಇದು?" ಅಂತ ಪಕ್ಕದ ಟೇಬಲಿನ ಅಜ್ಜಿಯನ್ನು ಕೇಳಿದೆ. ಮದುಮಗಳ ಅಜ್ಜಿ ಅವರು. ಮೊಣಕಾಲು ನೋವು, ಹಾಗಾಗಿ ಕುಣಿಯೋಕೆ ಹೋಗಿರಲಿಲ್ಲ. ಕೂತಲ್ಲೇ ಬೆರಳಿನಿಂದ ಟೇಬಲ್ ಮೇಲೆ ತಾಳ ಹಾಕುತ್ತಿದ್ದರು.

"ಬೆಬ್ದೊ. ಲೋರ್ನಾ ಹಾಡಿದ್ದು."

ನನ್ನ ಮುಖ ನೋಡಿ ಅವರಿಗೆ ನಿಜವಾಗಿಯೂ ಬೇಜಾರಾಯಿತು.

"ಎಂತದು ಮಗಾ, ಲೋರ್ನಾ ಗೊತ್ತಿಲ್ಲವಾ ನಿನಗೆ?"

ಗೊತ್ತಿರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಹುಡುಕಿದೆ. ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಕೈಕೊಡುವವರೆಗೂ ಅದೊಂದೇ ಹಾಡು, ಏಳೆಂಟು ಸಲ. ಆಮೇಲಿನ ಕೆಲವು ತಿಂಗಳು ಮೆಟ್ರೊದಲ್ಲಿ, ಆಫೀಸ್ ಲಂಚ್ ಟೈಮಲ್ಲಿ, ಪಾತ್ರೆ ತೊಳೆಯುವಾಗ ನನಗೆ ಲೋರ್ನಾನೇ. ಕೊಂಕಣಿ ನನಗೆ ಬರೋದಿಲ್ಲ. ಬೆಬ್ದೊ ಅಂದ್ರೆ ಕುಡುಕ, ಪಿಸೊ ಅಂದ್ರೆ ಹುಚ್ಚ, ಮೋಗ್ ಅಂದ್ರೆ ಪ್ರೀತಿ ಅಂತ ಒಂದೊಂದೇ ಪದ ಕಲಿತೆ. ಹಾಗೆ ನೋಡಿದರೆ ಈ ಮೂರು ಪದ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಲೋರ್ನಾ ಕೊರ್ಡೇರೊ ಹುಟ್ಟಿದ್ದು 1946ರಲ್ಲಿ. ಮೂಲ ಗೋವಾ, ಬೆಳೆದದ್ದು ಬಾಂಬೆ. 'ಗೋವಾದ ಕೋಗಿಲೆ' ಅಂತ ಜನ ಕರೆಯುತ್ತಾರೆ. ಕೋಗಿಲೆ ಅನ್ನುವ ಬಿರುದು ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತೆ. ಲೋರ್ನಾ ದನಿ ಇಂಪಾದ ದನಿ ಅಲ್ಲವೇ ಅಲ್ಲ. ಒರಟು, ಗಂಟಲಿನ ಆಳದಿಂದ ಕಿತ್ತು ಬರುವಂಥದ್ದು, ಅಂಚಿನಲ್ಲಿ ಮರಳುಕಾಗದ ಉಜ್ಜಿದ ಹಾಗೆ. ಕೋಗಿಲೆಗೆ ನೆಗಡಿಯಾಗಿ, ಮೇಲೆ ಸಿಟ್ಟೂ ಬಂದರೆ ಹೀಗೆ ಹಾಡಬಹುದೇನೋ!

ಈ ದನಿ ಎಲ್ಲಿಂದ ಬಂತು ಅಂತ ತಿಳಿಯೋಕೆ ಆ ಕಾಲದ ಬಾಂಬೆಗೆ ಹೋಗಬೇಕು.

ಗೋವಾ 1961ರ ಡಿಸೆಂಬರ್‌ವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿನ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೇ ಪಾಶ್ಚಾತ್ಯ ಸ್ವರಲಿಪಿ ಓದೋದು, ಪಿಟೀಲು ನುಡಿಸೋದು ಕಲಿಸುತ್ತಿದ್ದರು. ಹೊಟ್ಟೆಪಾಡಿಗೆ ಆ ಹುಡುಗರು ಬಾಂಬೆಗೆ ಬಂದಾಗ ಕೈಯಲ್ಲಿ ಇದ್ದ ವಿದ್ಯೆ ಅದೇ. 1930ರ ದಶಕದಲ್ಲಿ ತಾಜ್ ಹೋಟೆಲಿಗೆ ಅಮೆರಿಕದಿಂದ ಕಪ್ಪು ಸಂಗೀತಗಾರರ ಬ್ಯಾಂಡುಗಳು ಬಂದವು. ಅವರನ್ನು ಕೇಳಿ ಕೇಳಿ ಗೋವಾದವರು ಜಾಝ್ ಹಿಡಿದರು. ಹಗಲಲ್ಲಿ ಹಿಂದಿ ಸಿನಿಮಾ ಸ್ಟುಡಿಯೋಗಳಲ್ಲಿ ವಾದ್ಯಮೇಳ, ರಾತ್ರಿ ಹೋಟೆಲ್‌ಗಳಲ್ಲಿ ಜಾಝ್. ನಾವು ಹಳೇ ಹಿಂದಿ ಹಾಡುಗಳಲ್ಲಿ ಕೇಳುವ ಆ ಭರ್ಜರಿ ಟ್ರಂಪೆಟ್, ಪಿಟೀಲು ಗುಂಪುಗಳ ಹಿಂದೆ ಸೆಬಾಸ್ಟಿಯನ್ ಡಿಸೋಜ, ಫ್ರ್ಯಾಂಕ್ ಫೆರ್ನಾಂಡ್, ಆಂಥನಿ ಗೊನ್ಸಾಲ್ವಿಸ್, ಚಿಕ್ ಚಾಕೊಲೇಟ್ ಥರದ ಗೋವಾದವರಿದ್ದರು. ಬಹಳಷ್ಟು ಜನರ ಹೆಸರು ಪರದೆ ಮೇಲೆ ಬರಲೇ ಇಲ್ಲ. ಪತ್ರಕರ್ತ ನರೇಶ್ ಫೆರ್ನಾಂಡಿಸ್ ಬರೆದ 'ತಾಜ್‌ಮಹಲ್ ಫಾಕ್ಸ್‌ಟ್ರಾಟ್' ಪುಸ್ತಕದಲ್ಲಿ ಆ ಲೋಕದ ಕಥೆ ಇದೆ, ಸಿಕ್ಕರೆ ಓದಿ.

ಅರವತ್ತರ ದಶಕಕ್ಕೆ ಬರುವಷ್ಟರಲ್ಲಿ ಚರ್ಚ್‌ಗೇಟ್ ಬೀದಿಯೇ ಒಂದು ಜಾಝ್ ಬೀದಿ. ಗೇಲಾರ್ಡ್, ಆಸ್ಟೋರಿಯಾ ಹೋಟೆಲಿನ ವೆನಿಸ್, ಅಂಬಾಸಡರ್. ನಡೆದುಕೊಂಡು ಹೋಗುವಷ್ಟು ಹತ್ತಿರದಲ್ಲೇ ಒಂದೊಂದು ಬ್ಯಾಂಡ್. ಡೇವ್ ಬ್ರೂಬೆಕ್ 1958ರಲ್ಲಿ ಬಾಂಬೆಗೆ ಬಂದಿದ್ದ, ಡ್ಯೂಕ್ ಎಲಿಂಗ್ಟನ್ 1963ರಲ್ಲಿ, ಲೂಯಿ ಆರ್ಮ್‌ಸ್ಟ್ರಾಂಗ್ 1964ರಲ್ಲಿ. ಇಂಥ ಊರಲ್ಲಿ ವೆನಿಸ್‌ನಲ್ಲಿ ಬ್ಯಾಂಡ್ ನಡೆಸುತ್ತಿದ್ದವನು ಕ್ರಿಸ್ ಪೆರಿ. ಮಡಗಾಂವ್‌ನವನು, 1928ರಲ್ಲಿ ಹುಟ್ಟಿದವನು. ಟ್ರಂಪೆಟ್, ಸ್ಯಾಕ್ಸೊಫೋನ್ ಎರಡೂ ನುಡಿಸುತ್ತಿದ್ದ, ಹಾಡು ಬರೆಯುತ್ತಿದ್ದ, ರಾಗ ಹಾಕುತ್ತಿದ್ದ. ಲೋರ್ನಾ ಅವನ ಬ್ಯಾಂಡಿಗೆ ಸೇರಿದ್ದು ಹದಿಹರೆಯದಲ್ಲಿ. ಆಗ ಅವಳು ಅಮೆರಿಕದ ಗಾಯಕಿ ಕಾನಿ ಫ್ರಾನ್ಸಿಸ್ ಹಾಡುಗಳನ್ನು ಹಾಗ್ಹಾಗೇ ಹಾಡುವ ಹುಡುಗಿ.

ಅವಳು, ಅವರು ಅಂತ ಎರಡೂ ಬರೆಯುತ್ತಾ ಹೋಗುತ್ತೇನೆ, ಕ್ಷಮಿಸಿ. ಆ ಹುಡುಗಿಗೆ 'ಅವರು' ಅನ್ನೋಕೆ ಮನಸ್ಸು ಬರುತ್ತಿಲ್ಲ, ಇವತ್ತಿನ ಹಿರಿಯರಿಗೆ 'ಅವಳು' ಅನ್ನೋಕೂ ಆಗುತ್ತಿಲ್ಲ.

ತಾಳದ ಹಿಂದೆ ಅರ್ಧ ಹೆಜ್ಜೆ

ಜಾಝ್ ಅಂದ್ರೆ ಏನು ಅನ್ನೋದಕ್ಕೆ ನನ್ನ ಹತ್ತಿರ ಶಾಸ್ತ್ರದ ಉತ್ತರ ಇಲ್ಲ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ ವರ್ಣದ ಹತ್ತಿರ ಬಿಟ್ಟವರ ಕಿವಿ ನನ್ನದು. ಆ ಕಿವಿಗೆ ಕೇಳಿಸಿದ್ದನ್ನು ಹೇಳ್ತೀನಿ.

ಒಂದು ಏಟನ್ನು ಎರಡು ಭಾಗ ಮಾಡಿ ಅಂದರೆ ನಾವು ಸಮಸಮ ಮಾಡುತ್ತೇವೆ: ತಕ, ತಕ. ಜಾಝ್‌ನವರು ಮೊದಲ ಭಾಗ ಸ್ವಲ್ಪ ಉದ್ದ, ಎರಡನೆಯದು ಮೊಟಕು ಮಾಡುತ್ತಾರೆ. ಕುಂಟಿಕೊಂಡು, ಆದರೆ ಖುಷಿಯಲ್ಲಿ ಓಡುವ ಮಗುವಿನ ಹೆಜ್ಜೆ ಇದ್ದ ಹಾಗೆ. ಅದಕ್ಕೆ ಸ್ವಿಂಗ್ ಅಂತಾರೆ. ಅದರ ಮೇಲೆ ಗಾಯಕಿ ಏನು ಮಾಡುತ್ತಾಳೆ ಅಂದರೆ, ಪದವನ್ನು ತಾಳದ ಮೇಲೆ ಸರಿಯಾಗಿ ಕೂರಿಸೋದಿಲ್ಲ. ಬ್ಯಾಂಡ್ ಮುಂದೆ ಹೋಗುತ್ತಿರುತ್ತೆ, ಇವಳು ಅರ್ಧ ಹೆಜ್ಜೆ ಹಿಂದೆ, ಅವಸರವೇ ಇಲ್ಲದವಳ ಹಾಗೆ. ತಡ ಆಯ್ತು, ಬಿದ್ದೇ ಹೋದಳು ಅಂತ ನಮಗೆ ಅನ್ನಿಸುವ ಹೊತ್ತಿಗೆ ಸಾಲಿನ ಕೊನೆ ಪದವನ್ನು ತಂದು ಟಪ್ ಅಂತ ಸಮಕ್ಕೆ ಇಟ್ಟುಬಿಡುತ್ತಾಳೆ. ನಮ್ಮ ಕಛೇರಿಗಳಲ್ಲಿ ಒಳ್ಳೆಯ ಗಾಯಕರು ಎಡುಪಿನ ಜೊತೆ ಆಟ ಆಡುವಾಗ ಸಭಿಕರು ತೊಡೆ ತಟ್ಟುತ್ತಾರಲ್ಲ, ಅದೇ ಸುಖ.

ಲೋರ್ನಾ ಇದನ್ನು ಕೊಂಕಣಿಯಲ್ಲಿ ಮಾಡಿದರು. ದೊಡ್ಡ ವಿಷಯ ಇದೇ. ಇಂಗ್ಲಿಷ್ ಹಾಡುಗಳನ್ನು ಚೆನ್ನಾಗಿ ಹಾಡುವ ಕ್ಲಬ್ ಗಾಯಕಿಯರು ಬಾಂಬೆಯಲ್ಲೂ ಇದ್ದರು, ಕಲ್ಕತ್ತೆಯಲ್ಲೂ ಇದ್ದರು. ಆದರೆ ಮನೆಯಲ್ಲಿ ಮೀನು ತೊಳೆಯುವಾಗ ಆಡುವ ಮಾತನ್ನು, ಗಂಡನ ಮೇಲೆ ರೇಗುವ ಮಾತನ್ನು ಟ್ರಂಪೆಟ್ ಎದುರು ನಿಲ್ಲಿಸಿ ಸ್ವಿಂಗ್ ಮಾಡಿಸೋದು ಬೇರೆ ಕೆಲಸ. ಕೊಂಕಣಿಯಲ್ಲಿ ಮೂಗಿನಿಂದ ಹೊರಡುವ ಸ್ವರಗಳು ಜಾಸ್ತಿ. ಲೋರ್ನಾ ಅವನ್ನು ಎಳೆದಾಗ, ಟ್ರಂಪೆಟ್ಟಿನ ಬಾಯಿಗೆ ಮುಚ್ಚಳ ಹಿಡಿದು ಊದಿದರೆ ಬರುವ ಸದ್ದಿಗೂ ಅವರ ದನಿಗೂ ವ್ಯತ್ಯಾಸ ತಿಳಿಯದ ಹಾಗಾಗುತ್ತೆ. ಅವರು ಒಂದು ಸಾಲು ಹಾಡುತ್ತಾರೆ, ಟ್ರಂಪೆಟ್ ಉತ್ತರ ಕೊಡುತ್ತೆ. ಇನ್ನೊಂದು ಸಾಲು, ಇನ್ನೊಂದು ಉತ್ತರ. ಇಬ್ಬರು ಜಗಳ ಆಡುತ್ತಿದ್ದಾರಾ, ಸರಸ ಆಡುತ್ತಿದ್ದಾರಾ ಅಂತ ಗೊತ್ತಾಗೋದಿಲ್ಲ.

'ಬೆಬ್ದೊ' ಕೇಳಿ. ಆಮೇಲೆ 'ನಶಿಬಾಕ್ ರಡ್ತಾ' ಕೇಳಿ. ಹಣೆಬರಹಕ್ಕೆ ಅಳುವ ಹಾಡು ಅದು. ಮೊದಲನೆಯದರಲ್ಲಿ ರೇಗುವ ಗಂಟಲು ಎರಡನೆಯದರಲ್ಲಿ ಅಳುವಾಗಲೂ ಮೆತ್ತಗಾಗೋದಿಲ್ಲ, ಗಮನಿಸಿ. ಲತಾ ಅಳುವಿನಲ್ಲಿ ಒಂದು ಶರಣಾಗತಿ ಇರುತ್ತೆ. ಇಲ್ಲಿ ಅದಿಲ್ಲ. 'ಪಿಸೊ', 'ತುಜೊ ಮೋಗ್', 'ಲಿಸ್ಬೋವಾ', 'ಸೊಪಾನ್', 'ರೆಡ್ ರೋಸ್', ಕುಣಿತಕ್ಕೆ ಕರೆಯುವ 'ನಾಚೊಂಯಾ ಕುಂಪಾಸಾರ್', ಎಲ್ಲವೂ ಆ ಹತ್ತೇ ವರ್ಷದ ಒಳಗಿನ ಬೆಳೆ. ಶುದ್ಧ ಜಾಝ್ ಪಂಡಿತರು ಇದು ಜಾಝ್ ಅಲ್ಲ, ಪಾಪ್ ಅನ್ನಬಹುದು. ಹಾಡುಗಳು ಮೂರು ಮೂರೂವರೆ ನಿಮಿಷ, ಉದ್ದದ ಮನೋಧರ್ಮಕ್ಕೆ ಅವಕಾಶ ಇಲ್ಲ, ಚಾ-ಚಾ, ಬೊಸನೋವಾ ಎಲ್ಲ ಕಲಸಿದೆ. ಅನ್ನಲಿ. ಮದುವೆ ಹಾಲಿನಲ್ಲಿ ಎದ್ದು ನಿಂತ ಹೆಂಗಸರಿಗೆ ಆ ವಾದ ಬೇಕಿಲ್ಲ.

ಇನ್ನೊಂದು ಮಾತು. ಕೊಂಕಣಿಯನ್ನು ಗೋವಾದಲ್ಲಿ ರೋಮನ್ ಲಿಪಿಯಲ್ಲೂ ದೇವನಾಗರಿಯಲ್ಲೂ ಬರೆಯುತ್ತಾರೆ, ನಮ್ಮ ಕರಾವಳಿಯಲ್ಲಿ ಕನ್ನಡದಲ್ಲಿ. ಮಂಗಳೂರಿನ ಕೊಂಕಣಿ, ಗೋವಾದ ಕೊಂಕಣಿ ಕೇಳೋಕೂ ಬೇರೆ ಬೇರೆ. ಲಿಪಿ ಯಾವುದಿರಬೇಕು ಅನ್ನೋದಕ್ಕೆ ಜಗಳ ಇವತ್ತಿಗೂ ಮುಗಿದಿಲ್ಲ. 1967ರ ಜನಮತಗಣನೆಯಲ್ಲಿ ಗೋವಾ ಮಹಾರಾಷ್ಟ್ರಕ್ಕೆ ಸೇರೋದಿಲ್ಲ ಅಂತ ತೀರ್ಮಾನವಾಯಿತು. ಆದರೂ ಕೊಂಕಣಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರೋಕೆ 1992 ಬರಬೇಕಾಯಿತು. ಅಷ್ಟು ವರ್ಷ 'ಇದು ಭಾಷೆಯೋ, ಉಪಭಾಷೆಯೋ' ಅಂತ ದೊಡ್ಡವರು ಚರ್ಚೆ ಮಾಡುವಾಗ ಈ ಹಾಡುಗಳು ಲಿಪಿಯ ಹಂಗಿಲ್ಲದೆ ಊರಿಂದ ಊರಿಗೆ ಹೋಗುತ್ತಿದ್ದವು. ಅಜ್ಜಿಗೆ ಲೋರ್ನಾ ಸಿಕ್ಕಿದ್ದು ರೇಡಿಯೋದಲ್ಲಂತೆ. "ಅವಳದ್ದು ಗೋವಾ ಕೊಂಕಣಿ, ನಮಗೆ ಪೂರಾ ಅರ್ಥ ಆಗುದಿಲ್ಲ. ಆದ್ರೆ ಸಿಟ್ಟು ಅರ್ಥ ಆಗ್ತದಲ್ಲ" ಅಂದರು.

ಆಮೇಲೆ ಸದ್ದಿಲ್ಲ

ಎಪ್ಪತ್ತರ ದಶಕದ ಶುರುವಿನಲ್ಲಿ ಲೋರ್ನಾ ಹಾಡೋದು ನಿಂತಿತು. ಪೂರ್ತಿ ನಿಂತಿತು.

ಕ್ರಿಸ್ ಪೆರಿಗೂ ಲೋರ್ನಾಗೂ ಪ್ರೀತಿ ಇತ್ತು. ಪೆರಿಗೆ ಆಗಲೇ ಮದುವೆಯಾಗಿ ಸಂಸಾರ ಇತ್ತು. ಇದು ಗೋವಾದಲ್ಲಿ ಎಲ್ಲರಿಗೂ ಗೊತ್ತಿರುವ, ಸಾಕಷ್ಟು ಬರೆಯಲಾಗಿರುವ ವಿಷಯ. ಸಂಬಂಧ ಮುರಿದಾಗ ಬ್ಯಾಂಡೂ ಮುರಿಯಿತು. ಪೆರಿಯ ಹೊರತು ಬೇರೆ ಯಾರ ಜೊತೆಗೂ ಹಾಡಬಾರದು ಅನ್ನುವ ಒಪ್ಪಂದ ಇತ್ತು, ಅವಳನ್ನು ಹಾಡಿಸೋಕೆ ಬೇರೆ ಬ್ಯಾಂಡಿನವರು ಹಿಂಜರಿದರು ಅಂತ ಬರೆದವರೆಲ್ಲ ಬರೆದಿದ್ದಾರೆ. ಇಪ್ಪತ್ತೈದರ ಆಸುಪಾಸಿನ ಹುಡುಗಿ. ದೇಶದಲ್ಲಿ ಅವಳಂತೆ ಹಾಡುವವರು ಇನ್ನೊಬ್ಬರಿಲ್ಲ. ಅವಳು ಬಾಂಬೆಯ ಆಫೀಸೊಂದರಲ್ಲಿ ಸೆಕ್ರೆಟರಿ ಕೆಲಸಕ್ಕೆ ಸೇರಿಕೊಂಡಳು.

ಈ ಜಾಗಕ್ಕೆ ಬಂದಾಗ ನಾನು ನಿಂತುಬಿಟ್ಟೆ. ನಾವೆಲ್ಲ ಆಫರ್ ಲೆಟರಿನ ಹನ್ನೊಂದನೇ ಪುಟದಲ್ಲಿ 'ಕೆಲಸ ಬಿಟ್ಟ ಮೇಲೆ ಇಷ್ಟು ತಿಂಗಳು ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ' ಅನ್ನುವ ಸಾಲಿಗೆ ಓದದೆ ಸಹಿ ಹಾಕಿದವರೇ ಅಲ್ವಾ? ನಮ್ಮ ಟೀಮಿನ ವಕೀಲ ಗೆಳೆಯ ಹೇಳಿದ: 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಯಾರದ್ದೇ ವೃತ್ತಿಗೆ ತಡೆ ಹಾಕುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ. ಕೆಲಸ ಬಿಟ್ಟವರನ್ನು ಅಂಥ ಸಾಲು ಕಟ್ಟಿಹಾಕೋದು ಕಷ್ಟ. ಅಂದರೆ ಲೋರ್ನಾ ಕಾಲದಲ್ಲೂ ಆ ಸೆಕ್ಷನ್ ಇತ್ತು! ಅವರ ಕಾಗದದಲ್ಲಿ ಏನೇನಿತ್ತು ಅಂತ ನಾನು ನೋಡಿದವಳಲ್ಲ, ಕೋರ್ಟು ಏನನ್ನುತ್ತಿತ್ತೋ. ಆದರೆ ಹೆಣ್ಣೊಬ್ಬಳು, ಮದುವೆಯಾದವನ ಜೊತೆ ಹೆಸರು ಸೇರಿಕೊಂಡವಳು, ಆ ಕಾಲದಲ್ಲಿ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಳಾ? ಇಂಥ ಒಪ್ಪಂದಗಳ ಬಲ ಇರೋದು ಕಾಗದದಲ್ಲಲ್ಲ, ಕೇಸ್ ಹಾಕಿದರೆ ಊರೆಲ್ಲ ಮಾತಾಡುತ್ತೆ ಅನ್ನುವ ಭಯದಲ್ಲಿ.

ಹಾಡಿದವರಿಗೆ ಹಾಡಿನ ಮೇಲೆ ಹಕ್ಕೇನಾದರೂ ಇತ್ತಾ? ಅದೂ ಇಲ್ಲ. 1957ರ ಕಾಪಿರೈಟ್ ಕಾಯ್ದೆ ಬರೆದವನನ್ನು, ರಾಗ ಹಾಕಿದವನನ್ನು, ರೆಕಾರ್ಡ್ ಕಂಪನಿಯನ್ನು ಗುರುತಿಸಿತು. ಹಾಡುವವರಿಗೆ ಪ್ರದರ್ಶಕರ ಹಕ್ಕು ಅಂತ ಸಿಕ್ಕಿದ್ದು 1994ರ ತಿದ್ದುಪಡಿಯಲ್ಲಿ, ರಾಯಲ್ಟಿ ಮಾತು ಬಂದದ್ದು 2012ರಲ್ಲಿ.

ಪೆರಿಯನ್ನು ವಿಲನ್ ಮಾಡಿ ಮುಗಿಸೋಕೂ ನನಗೆ ಆಗುತ್ತಿಲ್ಲ. ಆ ಹಾಡುಗಳ ರಾಗ ಅವನದು, ಪದ ಅವನದು, ಆ ಹುಚ್ಚು ಟ್ರಂಪೆಟ್ ಅವನದು. ಕೊಂಕಣಿ ಹಾಡಿಗೆ ಇಂಥ ವಾದ್ಯಮೇಳದ ರುಚಿ ಹತ್ತಿಸಿದವನು ಅವನೇ. ಮುಂದೆ ದುಬೈಗೆ ಹೋಗಿ ಸಂಗೀತ ಶಾಲೆ ನಡೆಸಿದ, 2002ರಲ್ಲಿ ತೀರಿಕೊಂಡ. ನನ್ನ ತಕರಾರು ಕಥೆ ಹೇಳುವವರ ಮೇಲೆ. 'ಪೆರಿ ಕಲ್ಲನ್ನು ಕೆತ್ತಿ ಮೂರ್ತಿ ಮಾಡಿದ' ಅನ್ನುವ ಧಾಟಿಯಲ್ಲೇ ಬಹಳ ಜನ ಬರೆಯುತ್ತಾರೆ. ರಾಗ ಕಲಿಸಬಹುದು, ಉಸಿರು ಹಿಡಿಯೋದು ಕಲಿಸಬಹುದು. ಸಾಲನ್ನು ಎಷ್ಟು ಹೊತ್ತು ತಡೆದು, ಯಾವ ಕ್ಷಣದಲ್ಲಿ ಬಿಡಬೇಕು ಅನ್ನೋದನ್ನು ಯಾರೂ ಪಕ್ಕದಲ್ಲಿ ನಿಂತು ಹೇಳೋಕಾಗಲ್ಲ. ಮೈಕ್ ಎದುರು ಆ ತೀರ್ಮಾನ ಮಾಡಿದವಳು ಲೋರ್ನಾ.

ಅಷ್ಟರಲ್ಲಿ ಆ ಲೋಕವೂ ಕರಗುತ್ತಾ ಬಂತು. ಡಿಸ್ಕೊ ಬಂತು, ಚರ್ಚ್‌ಗೇಟಿನ ಬ್ಯಾಂಡುಗಳು ಒಂದೊಂದಾಗಿ ಮನೆಗೆ ಹೋದವು. 1978ರಲ್ಲಿ ಬಾಂಬೆಯಲ್ಲಿ ದೊಡ್ಡ ಜಾಝ್ ಉತ್ಸವ 'ಜಾಝ್ ಯಾತ್ರಾ' ಶುರುವಾದಾಗ ಲೋರ್ನಾ ಆಗಲೇ ಮೌನವಾಗಿ ವರ್ಷಗಳಾಗಿದ್ದವು.

1995

ಎರಡು ದಶಕಕ್ಕೂ ಹೆಚ್ಚು ಕಾಲ ಆದ ಮೇಲೆ ಗೋವಾದ ಸಂಗೀತಗಾರ ರಾನಿ ಮೊನ್ಸೆರಾಟ್ ಲೋರ್ನಾರನ್ನು ಒಪ್ಪಿಸಿ ಕರೆತಂದರು. 1995ರಲ್ಲಿ ಹೊಸ ಹಾಡುಗಳು, ಗೋವಾದಲ್ಲಿ ದೊಡ್ಡ ವೇದಿಕೆ. ನನ್ನ ದನಿ ಕೇಳಿ ಅನ್ನುವ ಅರ್ಥದ ಹಾಡೊಂದು ಆಗಲೇ ಬಂದದ್ದು. ಸಾವಿರಾರು ಜನ ಸೇರಿದ್ದರು. ಅವರಲ್ಲಿ ಎಷ್ಟೋ ಜನ ಲೋರ್ನಾ ಹಾಡುವಾಗ ಹುಟ್ಟೇ ಇರಲಿಲ್ಲ. ಮನೆಯ ಹಳೇ ರೆಕಾರ್ಡು, ಕ್ಯಾಸೆಟ್ಟುಗಳಲ್ಲಿ ಕೇಳಿದವರು.

ನಲವತ್ತೊಂಬತ್ತು ವಯಸ್ಸು. ಸಂಗೀತದಲ್ಲಿ ಒಂದು ವಾರ ಸಾಧನೆ ಬಿಟ್ಟರೆ ಗಂಟಲು ಹೇಳಿಕೊಡುತ್ತೆ, ಎರಡು ವಾರ ಬಿಟ್ಟರೆ ಕೇಳುವವರಿಗೂ ಗೊತ್ತಾಗುತ್ತೆ ಅಂತ ನಮ್ಮ ಪಾಠದ ಟೀಚರ್ ಹೆದರಿಸುತ್ತಿದ್ದರು. ಇಲ್ಲಿ ಇಪ್ಪತ್ತು ವರ್ಷದ ಮೇಲೆ. ಮರಳಿ ಬಂದ ಮೇಲಿನ ರೆಕಾರ್ಡಿಂಗ್‌ಗಳನ್ನು ಹಳೆಯವುಗಳ ಪಕ್ಕದಲ್ಲಿಟ್ಟು ಕೇಳಿದೆ. ದನಿ ಕೆಳಗಿಳಿದಿದೆ, ಒರಟು ಜಾಸ್ತಿಯಾಗಿದೆ, ಮೇಲಿನ ಸ್ವರಗಳಿಗೆ ಮೊದಲಿನ ಹಾಗೆ ಹಾರೋದಿಲ್ಲ. ಆ ಅರ್ಧ ಹೆಜ್ಜೆ ಹಿಂದೆ ಬೀಳುವ ಆಟ ಮಾತ್ರ ಹಾಗೇ ಇದೆ. ಬ್ಯಾಂಡ್ ಬೇರೆ, ಪಕ್ಕದಲ್ಲಿ ಪೆರಿ ಇಲ್ಲ, ಆದರೂ ಇದೆ. ನನಗೆ ಬೇಕಾದ ಸಾಕ್ಷಿ ಅಷ್ಟೇ.

ಅಲ್ಲಿಂದ ಮುಂದೆ ಎಪ್ಪತ್ತು ದಾಟಿದ ಮೇಲೂ ಅವರು ವೇದಿಕೆ ಹತ್ತಿದ್ದಾರೆ. ಹೊಸ ತಲೆಮಾರಿಗೆ ಈ ಕಥೆಯನ್ನು ಮತ್ತೆ ತಲುಪಿಸಿದ್ದು ಬಾರ್ಡ್‌ರಾಯ್ ಬರೆಟ್ಟೊ ನಿರ್ದೇಶನದ 'ನಾಚೊಂಯಾ ಕುಂಪಾಸಾರ್' ಸಿನಿಮಾ. ಹೆಸರು ಬದಲಿಸಿದ್ದಾರೆ, ಅಲ್ಲಿ ಲಾರಿ ಮತ್ತು ಡೋನಾ. ಕಥೆ ಪೆರಿಯ ಇಪ್ಪತ್ತರಷ್ಟು ಹಾಡುಗಳ ಮೇಲೇ ನಡೆಯುತ್ತೆ. 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕೊಂಕಣಿಯ ಅತ್ಯುತ್ತಮ ಚಿತ್ರ ಅಂತ ಗೌರವ ಸಿಕ್ಕಿತು. ಡೋನಾ ಪಾತ್ರ ಮಾಡಿದ ಪಾಲೋಮಿ ಘೋಷ್ ಕೊಂಕಣಿಯವರಲ್ಲ, ಅದು ಎಲ್ಲೂ ಗೊತ್ತಾಗೋದಿಲ್ಲ. 2015ರಲ್ಲೇ ಅದೇ ಬಾಂಬೆ ಜಾಝ್ ಲೋಕವನ್ನು ಕೋಟಿಗಟ್ಟಲೆ ಸುರಿದು ಹಿಂದಿಯಲ್ಲಿ 'ಬಾಂಬೆ ವೆಲ್ವೆಟ್' ಅಂತ ತೆಗೆದರು. ಎರಡನ್ನೂ ನೋಡಿ, ಯಾವುದರಲ್ಲಿ ಬೆವರಿನ ವಾಸನೆ ಇದೆ ಅಂತ ನೀವೇ ಹೇಳಿ.

ಕಳೆದ ತಿಂಗಳು ಆ ಸಹೋದ್ಯೋಗಿಯ ಮನೆಗೆ ಮತ್ತೆ ಹೋಗಿದ್ದೆ. ಅಜ್ಜಿಗೆ ಹೇಳೋಕೆ ನನ್ನ ಹತ್ತಿರ ಈಗ ಬೇಕಾದಷ್ಟು ಇತ್ತಲ್ಲ, ಎಲ್ಲ ಹೇಳಿದೆ. ಚರ್ಚ್‌ಗೇಟು, ಒಪ್ಪಂದ, 27ನೇ ಸೆಕ್ಷನ್. ಅವರು ಕೊಚ್ಚಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಂಡರು.

"ನಾನೂ ಹಾಡ್ತಿದ್ದೆ ಮಗಾ" ಅಂದರು. "ಚರ್ಚ್ ಕೊಯರಿನಲ್ಲಿ ಸೆಕೆಂಡ್ಸ್. ಮದುವೆ ಆದ ಮೇಲೆ ಇಲ್ಲ."

"ಯಾರಾದ್ರೂ ಬೇಡ ಅಂದ್ರಾ ಅಜ್ಜಿ?"

"ಬೇಡ ಅಂತ ಯಾರೂ ಹೇಳ್ಲಿಲ್ಲ. ಹಾಡು ಅಂತಲೂ ಯಾರೂ ಹೇಳ್ಲಿಲ್ಲ."

ನಾನು ಫೋನಿನಲ್ಲಿ 'ಸೊಪಾನ್' ಹಾಕಿದೆ. ಒಂದು ಸಾಲು ಹೋಯಿತು, ಎರಡು ಹೋಯಿತು. ಮೂರನೆಯದಕ್ಕೆ ಅಜ್ಜಿ ತಲೆ ಎತ್ತದೆ, ಮೊರದಲ್ಲಿ ಕೈಯಾಡಿಸುತ್ತಲೇ, ಲೋರ್ನಾ ದನಿಯ ಕೆಳಗೆ ಇನ್ನೊಂದು ಸ್ವರ ಹಿಡಿದರು.